ಹಳೇ ಫೋಟೊದಲ್ಲಿರುವ ಕಾರು ಯಾವುದು? ನೀವೇ ಗುರುತು ಹಿಡಿಯುವ ಕ್ರಮ

ಮನೆಯ ಆಲ್ಬಂನಿಂದ ಒಂದು ಕಪ್ಪುಬಿಳುಪು ಫೋಟೊ ಕಳಿಸಿ, "ಇದು ಯಾವ ಕಾರು, ಯಾವ ಇಸವಿದು?" ಅಂತ ಕೇಳುವ ಓದುಗರು ತುಂಬಾ ಜನ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳಿ ಮುಗಿಸುವುದಕ್ಕಿಂತ, ನೀವೇ ಕಂಡುಹಿಡಿಯುವ ದಾರಿ ತೋರಿಸುವುದು ಒಳ್ಳೆಯದು ಅನ್ನಿಸಿತು. ಕಾರಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ನಿಧಾನವಾಗಿ ನೋಡುವ ತಾಳ್ಮೆ ಇದ್ದರೆ ಸಾಕು.

ಇಡೀ ಕ್ರಮ ಒಂದೇ ಮಾತಿನ ಮೇಲೆ ನಿಂತಿದೆ: ಬದಲಾಯಿಸಲು ಕಷ್ಟವಾದ ಭಾಗವನ್ನು ಮೊದಲು ನೋಡಿ, ಸುಲಭವಾದದ್ದನ್ನು ಆಮೇಲೆ. ಟಾಪಿನ ಬಾಗು, ಬಾಗಿಲುಗಳ ಸಂಖ್ಯೆ, ಬಾಗಿಲಿನ ಕೀಲು ಯಾವ ಕಡೆ ಇದೆ, ಗಾಜಿನ ಆಕಾರ ಎಂಥದ್ದು, ಇವನ್ನೆಲ್ಲ ಯಾರೂ ಸುಮ್ನೆ ಬದಲಾಯಿಸುವುದಿಲ್ಲ. ಗ್ರಿಲ್ (ಕಾರಿನ ಮೂತಿಯ ಮೇಲಿನ ಜಾಲರಿ), ಬಂಪರ್, ವೀಲ್ ಕ್ಯಾಪ್, ಹೆಸರಿನ ಬಿಲ್ಲೆ ಹಾಗಲ್ಲ. ಇವು ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸ. ಮೊದಲ ಗುಂಪು ಕಾರಿನ ಮನೆತನ ಹೇಳುತ್ತದೆ. ಎರಡನೆಯದು ಇಸವಿ ಹೇಳುತ್ತದೆ, ಆದರೆ ಅದರ ಮಾತನ್ನು ಪರೀಕ್ಷಿಸದೆ ನಂಬಬಾರದು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಗ್ರಿಲ್ ನೋಡಿ ಹೆಸರು ಹೇಳುತ್ತಾರೆ, ಅಲ್ಲಿಗೇ ದಾರಿ ತಪ್ಪುತ್ತದೆ.

ಏನೇನು ಬೇಕು

ಫೋಟೊದ ಮೂಲ ಪ್ರಿಂಟ್, ಸ್ಕ್ಯಾನರ್ ಅಥವಾ ಒಳ್ಳೆಯ ಮೊಬೈಲ್ ಕ್ಯಾಮೆರಾ, ಒಂದು ಭೂತಗನ್ನಡಿ, ಕಾಗದ, ಪೆನ್ಸಿಲ್. ಮನೆಯಲ್ಲಿ ಹಳೇ ಆರ್‌ಸಿ ಬುಕ್, ಅಂದರೆ ವಾಹನದ ನೋಂದಣಿ ಪುಸ್ತಕ, ಇದ್ದರೆ ಹುಡುಕಿಡಿ. ಅದರಲ್ಲಿ ತಯಾರಾದ ವರ್ಷವೇ ಬರೆದಿರುತ್ತದೆ. ಎಷ್ಟೋ ಮನೆಗಳಲ್ಲಿ ಕಾರು ಹೋಗಿ ಎಷ್ಟೋ ವರ್ಷವಾದರೂ ಕಾಗದ ಪತ್ರ ಬೀರುವಿನಲ್ಲೇ ಇರುತ್ತದೆ.

1. ಫೋಟೊ ಸರಿಯಾಗಿ ಸ್ಕ್ಯಾನ್ ಮಾಡಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಇಟ್ಟುಕೊಂಡು ಕೆಲಸ ಶುರು ಮಾಡಬೇಡಿ. ಕಳಿಸುವಾಗ ಅದು ಕುಗ್ಗಿರುತ್ತದೆ, ನಿಮಗೆ ಬೇಕಾದ ಸಣ್ಣ ಗುರುತುಗಳೇ ಮೊದಲು ಅಳಿಸಿರುತ್ತವೆ. ಮೂಲ ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಡಿಪಿಐ ಅಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ ದಾಖಲಾಗುತ್ತದೆ ಅನ್ನುವ ಲೆಕ್ಕ. ಆಲ್ಬಂಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ. ಪುಟ ಸಮೇತ ಸ್ಕ್ಯಾನ್ ಮಾಡಿ. ಬಿಡಿ ಫೋಟೊ ಆದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಊರು, ತಾರೀಕು ಅಲ್ಲೇ ಇರಬಹುದು.

ಇಲ್ಲಿ ಎರಡು ಎಚ್ಚರಿಕೆ ಇದೆ. ಮೊದಲನೆಯದು ಈಚೆಗೆ ಜಾಸ್ತಿಯಾಗಿರುವ ತೊಂದರೆ. ಮಸುಕಾದ ಫೋಟೊವನ್ನು ಎಐ ಆ್ಯಪ್‌ಗೆ ಹಾಕಿ 'ಕ್ಲಿಯರ್' ಮಾಡಿ ಕಳಿಸುತ್ತಾರೆ. ಆ ಆ್ಯಪ್ ಕಾಣದ್ದನ್ನು ಕಾಣಿಸುವುದಿಲ್ಲ, ಊಹಿಸಿ ಬರೆಯುತ್ತದೆ. ಗ್ರಿಲ್‌ನಲ್ಲಿ ಇಲ್ಲದ ಪಟ್ಟಿ ಮೂಡುತ್ತದೆ. ನಂಬರ್ ಪ್ಲೇಟಿನ 3 ಹೋಗಿ 8 ಆಗುತ್ತದೆ. ಬಣ್ಣ ಹಚ್ಚಿದ ಫೋಟೊ ನೋಡಿ ಕಾರು ಹಸಿರಾಗಿತ್ತು ಅನ್ನುವುದೂ ಹೀಗೇ. ಬೆಳಕು, ಕಾಂಟ್ರಾಸ್ಟ್ ಹೆಚ್ಚುಕಮ್ಮಿ ಮಾಡಿ ನೋಡಿ, ಅದಕ್ಕಿಂತ ಮುಂದೆ ಹೋಗಬೇಡಿ.

ಎರಡನೆಯದು, ನೆಗೆಟಿವ್ ತಿರುಗಿಸಿ ಹಾಕಿ ಪ್ರಿಂಟ್ ಮಾಡಿದ ಫೋಟೊ. ಊರಿನ ಫೋಟೊದಲ್ಲಿ ಸ್ಟೇರಿಂಗ್ ಎಡಗಡೆ ಕಂಡರೆ ತಕ್ಷಣ ವಿದೇಶಿ ಕಾರು ಅಂದುಕೊಳ್ಳಬೇಡಿ. ಪಕ್ಕದಲ್ಲಿ ನಿಂತವರ ಅಂಗಿ ಜೇಬು ಯಾವ ಕಡೆ ಇದೆ, ಅಂಗಡಿ ಬೋರ್ಡಿನ ಅಕ್ಷರ ನೆಟ್ಟಗಿದೆಯಾ, ಸೀರೆಯ ಸೆರಗು ಯಾವ ಭುಜದ ಮೇಲಿದೆ, ಇವನ್ನು ನೋಡಿದರೆ ಗೊತ್ತಾಗುತ್ತದೆ.

2. ಎಲ್ಲಿ ತೆಗೆದ ಫೋಟೊ ಅಂತ ತಿಳಿದುಕೊಳ್ಳಿ

ಕಾರಿನ ಹೆಸರಿಗಿಂತ ಮೊದಲು ಊರು ಮತ್ತು ಕಾಲದ ಅಂದಾಜು ಬೇಕು. ಯಾಕೆಂದರೆ ನಮ್ಮ ದೇಶದ ರಸ್ತೆಯಲ್ಲಿ ಯಾವ ಕಾರು ಓಡಬಹುದಿತ್ತು ಅನ್ನುವುದು ಕಾಲಕ್ಕೆ ತಕ್ಕಂತೆ ಪೂರ್ತಿ ಬದಲಾಗಿದೆ.

ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿ ಅಮೆರಿಕದ ಕಾರು, ಇಂಗ್ಲೆಂಡಿನ ಕಾರು ಎರಡೂ ಇದ್ದವು. 1928ರಿಂದ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಾರು ಜೋಡಿಸುತ್ತಿತ್ತು. ಷೆವರ್ಲೆ, ಬ್ಯುಕ್ ಹಳೇ ಫೋಟೊಗಳಲ್ಲಿ ಅಷ್ಟೊಂದು ಕಾಣುವುದು ಅದಕ್ಕೇ. 1953ರಲ್ಲಿ ಸರ್ಕಾರ, ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಎಂಬ ನೀತಿ ತಂದಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಹೊರಟುಹೋದವು. ಅಲ್ಲಿಂದ 1980ರ ದಶಕದವರೆಗೆ ಹೊಸ ಕಾರು ಅಂದರೆ ಬಹುಮಟ್ಟಿಗೆ ಮೂರೇ ಮನೆತನ: ಹಿಂದೂಸ್ತಾನ್, ಪ್ರೀಮಿಯರ್, ಸ್ಟಾಂಡರ್ಡ್. ಜೊತೆಗೆ ಮಹೀಂದ್ರದ ಜೀಪು. ಅಂದರೆ 1965ರ ಮದುವೆ ಫೋಟೊದ ಕಾರು ಈ ಮೂರರಲ್ಲಿ ಒಂದಾಗಿರುವ ಸಾಧ್ಯತೆಯೇ ಜಾಸ್ತಿ. ಇಲ್ಲವೇ ಅದಕ್ಕೂ ಹಿಂದಿನ ಹಳೇ ವಿದೇಶಿ ಕಾರು.

ಕರಾವಳಿ ಕಡೆಯ ಮನೆಗಳ ಆಲ್ಬಂನಲ್ಲಿ ಕುವೈತ್, ದುಬೈ, ಪೂರ್ವ ಆಫ್ರಿಕಾದಿಂದ ಬಂದ ಫೋಟೊಗಳೂ ಬೆರೆತಿರುತ್ತವೆ. ಅವಕ್ಕೆ ಈ ಮೂರು ಮನೆತನದ ಲೆಕ್ಕ ಹಿಡಿಯುವುದಿಲ್ಲ.

3. ದೇಹ ನೋಡಿ ಕಾಲ ಹೇಳಿ

ಈಗ ಕಾರಿನ ಮೈ. ಪಕ್ಕದಿಂದ ಕಾಣುವ ಗೆರೆಯನ್ನು ಕಾಗದದ ಮೇಲೆ ಒರಟಾಗಿ ಬಿಡಿಸಿಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬಿಡಿಸುವಾಗ ಕಣ್ಣು ತಾನಾಗಿ ವಿವರ ಹಿಡಿಯುತ್ತದೆ.

ಮಡ್‌ಗಾರ್ಡ್‌ಗಳು ಮೈಯಿಂದ ಬೇರೆಯಾಗಿ ನಿಂತು, ಅವುಗಳ ಮಧ್ಯೆ ಕಾಲಿಡುವ ಫುಟ್‌ಬೋರ್ಡ್ ಇದ್ದು, ರೇಡಿಯೇಟರ್ ನೆಟ್ಟಗೆ ಗೋಡೆಯಂತಿದ್ದರೆ 1930ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು. ಗ್ರಿಲ್ ಹಿಂದಕ್ಕೆ ವಾಲಿ, ಮೈ ದುಂಡಗಾಗಿದ್ದರೆ 1930ರ ದಶಕದ ನಡು. ಹೆಡ್‌ಲೈಟ್ ಕಂಬದ ಮೇಲಿಂದ ಇಳಿದು ಮಡ್‌ಗಾರ್ಡ್ ಒಳಗೆ ಸೇರಿದ್ದರೆ 1930ರ ದಶಕದ ಕೊನೆ ಅಥವಾ ಆಮೇಲಿನದು. ಮಡ್‌ಗಾರ್ಡೇ ಕಾಣದಂತೆ ಪಕ್ಕ ಪೂರ್ತಿ ಒಂದೇ ಮಟ್ಟಕ್ಕೆ ಬಂದಿದ್ದರೆ 1940ರ ದಶಕದ ಕೊನೆಯಿಂದ ಈಚೆಗೆ. ಮುಂದಿನ ಗಾಜು ನಡುವೆ ಪಟ್ಟಿಯಿಂದ ಎರಡು ಭಾಗವಾಗಿದ್ದರೆ ಸಾಮಾನ್ಯವಾಗಿ 1950ರ ದಶಕದ ಮೊದಲರ್ಧ ದಾಟುವುದಿಲ್ಲ. ಅಮೆರಿಕದ ಕಾರಿಗೆ ಮುಂದೆ ನಾಲ್ಕು ಹೆಡ್‌ಲೈಟ್ ಇದ್ದರೆ 1958ರ ಸುಮಾರು ಅಥವಾ ಅದರ ಈಚಿನದು.

ಒಂದೇ ಗಾಜು ಇಸವಿ ಹೇಳಿಬಿಡುವುದೂ ಉಂಟು. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಗಾಜು ನೋಡಿ. ನಡುವೆ ಪಟ್ಟಿ ಇದ್ದು ಎರಡು ತುಂಡಾಗಿದ್ದರೆ 1953ರ ಮೊದಲ ತಿಂಗಳುಗಳ ಒಳಗಿನದು. ಮೊಟ್ಟೆಯಾಕಾರದ ಒಂದೇ ಗಾಜಾದರೆ 1953ರಿಂದ 1957. ಅಗಲವಾದ ಚೌಕ ಗಾಜಾದರೆ ಅದರ ನಂತರದ್ದು. ಮಾರಿಸ್ ಮೈನರ್‌ನಲ್ಲಿ ಎರಡು ತುಂಡಿನ ಮುಂದಿನ ಗಾಜು ಇದ್ದದ್ದು 1956ರವರೆಗೆ. ಆಮೇಲೆ ಮೈನರ್ 1000 ಬಂದಾಗ ಅದು ಒಂದೇ ಗಾಜಾಯಿತು.

ಬಾಗಿಲ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚಿದ್ದರೆ ಅದು ಟ್ರಾಫಿಕೇಟರ್, ಅಂದರೆ ಆ ಕಾಲದ ಇಂಡಿಕೇಟರ್. ಇಂಗ್ಲೆಂಡಿನ ಕಾರುಗಳಲ್ಲಿ 1950ರ ದಶಕದ ನಡುವಿನವರೆಗೂ ಇದು ಮಾಮೂಲು.

ದೊಡ್ಡ ಎಚ್ಚರಿಕೆ: ಈ ಕಾಲದ ಲೆಕ್ಕ ವಿದೇಶದಲ್ಲಿ ತಯಾರಾದ ಕಾರುಗಳಿಗೆ. ನಮ್ಮಲ್ಲಿ ತಯಾರಾದವಕ್ಕೆ ಇದನ್ನು ಹಾಗೇ ಹಚ್ಚಬೇಡಿ. ಇಂಗ್ಲೆಂಡಿನಲ್ಲಿ 1956ರಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿಯೇ ನಮ್ಮ ಅಂಬಾಸಿಡರ್. ಅದು ಇಲ್ಲಿ ತಯಾರಾಗಿದ್ದು 2014ರವರೆಗೆ! 1984ರ ಕಾಂಟೆಸಾಗೆ ಮೂಲ 1970ರ ದಶಕದ ವಾಕ್ಸ್‌ಹಾಲ್ ವಿಕ್ಟರ್. ಹೊರದೇಶದ ಕಾರುಪ್ರಿಯರಿಗೆ 1985ರ ಅಂಬಾಸಿಡರ್ ಫೋಟೊ ತೋರಿಸಿದರೆ ಅವರು ಮೂವತ್ತು ವರ್ಷ ಹಿಂದಿನ ಇಸವಿ ಹೇಳಬಹುದು. ಅದು ಅವರ ತಪ್ಪಲ್ಲ. ಮೈ ನಿಜವಾಗಿಯೂ ಆ ಕಾಲದ್ದೇ.

4. ಮನೆತನ ಗುರುತಿಸಿ

ನಮ್ಮ ಆಲ್ಬಂಗಳಲ್ಲಿ ಅತಿ ಹೆಚ್ಚು ಕಾಣುವವು ಇವೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

*ಹಿಂದೂಸ್ತಾನ್.* ಕಾಂಟೆಸಾ ಒಂದು ಬಿಟ್ಟರೆ ಮೂಲವೆಲ್ಲ ಇಂಗ್ಲೆಂಡಿನ ಮಾರಿಸ್. ಪುಟ್ಟದಾಗಿ ದುಂಡಗಿದ್ದರೆ ಬೇಬಿ ಹಿಂದೂಸ್ತಾನ್, ಅದು ಮಾರಿಸ್ ಮೈನರ್. 1954ರಲ್ಲಿ ಲ್ಯಾಂಡ್‌ಮಾಸ್ಟರ್, ಅದಾದ ಮೂರು ನಾಲ್ಕು ವರ್ಷಕ್ಕೆ ಅಂಬಾಸಿಡರ್. ಈ ಎರಡರ ಮಧ್ಯೆಯೇ ಹೆಚ್ಚು ಗೊಂದಲ. ನಡುಭಾಗ, ಬಾಗಿಲು, ಟಾಪ್ ನೋಡಿದರೆ ಎರಡೂ ಅಣ್ಣತಮ್ಮಂದಿರು. ಬೇರೆಯಾಗುವುದು ತುದಿಗಳಲ್ಲಿ. ಲ್ಯಾಂಡ್‌ಮಾಸ್ಟರ್‌ನ ಬಾನೆಟ್ ನುಣುಪಾಗಿ ದುಂಡಗಿದೆ, ಹಿಂದಿನ ಮಡ್‌ಗಾರ್ಡ್ ಕೂಡ ದುಂಡಗೆ ಇಳಿಯುತ್ತದೆ. ಅಂಬಾಸಿಡರ್‌ನ ಬಾನೆಟ್ ಮೇಲೆ ತಗ್ಗಿನ ಗೆರೆಗಳಿವೆ, ಹೆಡ್‌ಲೈಟ್ ಮೇಲೆ ಹುಬ್ಬಿನಂತೆ ಚಾಚು ಇದೆ, ಹಿಂದೆ ಡಿಕ್ಕಿಯ ಎರಡೂ ಪಕ್ಕ ಸಣ್ಣ ರೆಕ್ಕೆ ಎದ್ದಿದೆ. ಹಿಂಭಾಗ ಮಾತ್ರ ಕಾಣುವ ಫೋಟೊದಲ್ಲಿ ಆ ರೆಕ್ಕೆಯೊಂದೇ ಸಾಕು.

*ಪ್ರೀಮಿಯರ್.* ಮೂಲ ಇಟಲಿಯ ಫಿಯೆಟ್. ಮೊದಲ ಫಿಯೆಟ್ 1100 ಬೆನ್ನು ದುಂಡಗಿನ ಕಾರು. ಅದರ ಮುಂದಿನ ಬಾಗಿಲಿನ ಕೀಲು ಹಿಂದುಗಡೆ ಇತ್ತು, ಅಂದರೆ ಬಾಗಿಲು ಈಗಿನದಕ್ಕೆ ಉಲ್ಟಾ ತೆರೆಯುತ್ತಿತ್ತು. ಫೋಟೊದಲ್ಲಿ ಬಾಗಿಲು ತೆರೆದಿದ್ದರೆ ಇದು ತಟ್ಟನೆ ಕಾಣುತ್ತದೆ. ಮುಚ್ಚಿದ್ದರೆ ಹಿಡಿಕೆ ಎಲ್ಲಿದೆ ನೋಡಿ. ಮುಂದಿನ ಮತ್ತು ಹಿಂದಿನ ಬಾಗಿಲ ಹಿಡಿಕೆಗಳು ಒಂದರಿಂದ ಒಂದು ದೂರವಿದ್ದರೆ ಬಾಗಿಲುಗಳು ಉಲ್ಟಾ ಸುಲ್ಟಾ ತೆರೆಯುತ್ತವೆ ಅಂತ ಅರ್ಥ. 1960ರ ದಶಕದ ನಡುವೆ ಬಂದ 1100 ಡಿಲೈಟ್‌ನಲ್ಲಿ ಮೈ ಚೌಕವಾಯಿತು, ಬಾಗಿಲು ಮಾಮೂಲಿನಂತಾಯಿತು. ಆ ಮೈಯೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪ್ರೀಮಿಯರ್ ಪದ್ಮಿನಿ. ಮನೆಯ ಹಿರಿಯರು ಇವೆಲ್ಲವನ್ನೂ 'ಫಿಯೆಟ್' ಅಂತಲೇ ಕರೆಯುತ್ತಾರೆ. ಆದ್ದರಿಂದ "ಅಜ್ಜನ ಹತ್ರ ಫಿಯೆಟ್ ಇತ್ತು" ಅನ್ನುವ ನೆನಪು ಮನೆತನ ಹೇಳುತ್ತದೆಯೇ ಹೊರತು ಮಾಡೆಲ್ ಹೇಳುವುದಿಲ್ಲ.

*ಸ್ಟಾಂಡರ್ಡ್.* ಮದ್ರಾಸಿನದು. 1950ರ ದಶಕದಲ್ಲಿ ಸ್ಟಾಂಡರ್ಡ್ 8, 10. ಮೊದಮೊದಲ ಸ್ಟಾಂಡರ್ಡ್ 8ರಲ್ಲಿ ಹೊರಗಿನಿಂದ ತೆರೆಯುವ ಡಿಕ್ಕಿ ಬಾಗಿಲೇ ಇರಲಿಲ್ಲ, ಸಾಮಾನನ್ನು ಹಿಂದಿನ ಸೀಟು ಮಡಚಿ ಒಳಗಿನಿಂದ ಇಡಬೇಕಿತ್ತು. ಹಿಂದಿನಿಂದ ತೆಗೆದ ಫೋಟೊದಲ್ಲಿ ಡಿಕ್ಕಿಯ ಗೆರೆಯೇ ಕಾಣದಿದ್ದರೆ ಇದನ್ನು ನೆನಪಿಸಿಕೊಳ್ಳಿ. 1961ರಿಂದ ಸ್ಟಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಚೂಪು ಗೆರೆಯ ಕಾರು. ಇದರ ಬಾನೆಟ್ ಜೊತೆ ಎರಡೂ ಮಡ್‌ಗಾರ್ಡ್ ಸೇರಿ ಇಡೀ ಮೂತಿಯೇ ಮುಂದಕ್ಕೆ ವಾಲಿ ತೆರೆಯುತ್ತದೆ. ಮೊದಲು ಎರಡು ಬಾಗಿಲು. 1960ರ ದಶಕದ ಕೊನೆಗೆ ನಾಲ್ಕು ಬಾಗಿಲಿನದು ಬಂತು, ಮತ್ತು ಅದು ಬಂದಿದ್ದು ನಮ್ಮ ದೇಶದಲ್ಲಿ ಮಾತ್ರ. ಇದರ ಮೂಲವಾದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಯಾವತ್ತೂ ಇರಲಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಕಾರು ಅಂದರೆ ಇದೇ. 1970ರ ದಶಕದ ಗೆಝಲ್ ಇದೇ ಮೈಯಿಂದ ಬಂದದ್ದು.

*ಜೀಪು.* ಇದರಲ್ಲಿ ಖಚಿತವಾಗಿ ಹೇಳುವುದು ಎಲ್ಲಕ್ಕಿಂತ ಕಷ್ಟ. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ, ಮೆಕ್ಯಾನಿಕ್‌ಗಳು ಹೊಂದಿಸಿಯೂ ಇದ್ದಾರೆ. ಗ್ರಿಲ್‌ನಲ್ಲಿ ಒಂಬತ್ತು ಸೀಳು ಇದ್ದರೆ ಯುದ್ಧಕಾಲದ್ದು, ಏಳಿದ್ದರೆ ಯುದ್ಧದ ನಂತರದ ಸಿವಿಲ್ ಜೀಪು. ಬಾನೆಟ್ ಎತ್ತರವಾಗಿ, ಮುಂಭಾಗ ಉದ್ದ ಮುಖದಂತೆ ಕಂಡರೆ ಸಿಜೆ-3ಬಿ. ಒಳಗಿನ ಎಂಜಿನ್ ಎತ್ತರವಾದ್ದರಿಂದ ಬಾನೆಟನ್ನೂ ಎತ್ತರಿಸಬೇಕಾಯಿತು. ನಮ್ಮ ತೋಟ, ಎಸ್ಟೇಟ್, ಪೊಲೀಸ್ ಫೋಟೊಗಳಲ್ಲಿ ಹೆಚ್ಚಾಗಿ ಇರುವುದು ಇದೇ.

*ಅಪರೂಪದವು.* ಚಿಕ್ಕದಾಗಿ, ಎರಡೇ ಬಾಗಿಲಿದ್ದು, ಯಾವ ಪಟ್ಟಿಗೂ ಸೇರದಂತೆ ಕಂಡರೆ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಇರಬಹುದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಮೇಲೆ 1980ರ ದಶಕದಲ್ಲಿ ಬಂದದ್ದು, ಮೈ ಫೈಬರಿನದು. ಅದಕ್ಕೂ ಮೊದಲು ಅದೇ ಬೆಂಗಳೂರಿನಲ್ಲಿ ಮೂರು ಚಕ್ರದ ಬಾದಲ್ ತಯಾರಾಗುತ್ತಿತ್ತು. ನಮ್ಮೂರಿನಲ್ಲೇ ಹುಟ್ಟಿದ ಈ ಎರಡರ ಫೋಟೊ ನಿಮ್ಮ ಮನೆಯಲ್ಲಿದ್ದರೆ ಜೋಪಾನ ಮಾಡಿ. ಉಳಿದಿರುವ ಗಾಡಿಗಳು ತೀರಾ ಕಡಿಮೆ. ಮಾರುತಿ 800 ಕೂಡ ಗಮನಿಸಿ: 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಪೆಟ್ಟಿಗೆಯಾಕಾರದ ರೂಪ 1986ರಲ್ಲಿ ಬದಲಾಯಿತು.

5. ಈಗ ಗ್ರಿಲ್, ದೀಪ, ಬಿಲ್ಲೆ

ಮನೆತನ ಗಟ್ಟಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಅಂಬಾಸಿಡರ್ ಒಳ್ಳೆಯ ಉದಾಹರಣೆ. ಅದರ ಒಂದೊಂದು ಆವೃತ್ತಿಗೆ ಮಾರ್ಕ್ 1, ಮಾರ್ಕ್ 2 ಅಂತ ಹೆಸರು. ಗ್ರಿಲ್ ತುಂಬಾ ಒತ್ತೊತ್ತಾದ ಚೌಕುಳಿ ಇದ್ದರೆ ಮಾರ್ಕ್ 2, ಅದು 1963ರ ಸುಮಾರಿನಿಂದ. ಅಡ್ಡ ಪಟ್ಟಿಗಳಿದ್ದು ಇಂಡಿಕೇಟರ್ ಬೇರೆಯಾಗಿ ದುಂಡಗಿದ್ದರೆ 1975ರ ಮಾರ್ಕ್ 3. ಗ್ರಿಲ್ ಚಿಕ್ಕದಾಗಿ ಚೌಕವಾಗಿ, ಪಾರ್ಕಿಂಗ್ ದೀಪವೂ ಚೌಕವಾಗಿದ್ದರೆ 1979ರ ಮಾರ್ಕ್ 4.

ಆದರೆ ಎಷ್ಟೋ ಮಾಲೀಕರು ಹಳೇ ಕಾರಿಗೆ ಹೊಸ ಗ್ರಿಲ್ ಹಾಕಿಸಿದ್ದಾರೆ. ಈಚೆಗೆ ಷೋಕಿಗಾಗಿ ಮಾರ್ಕ್ 4ಕ್ಕೆ ಹಳೇ ಗ್ರಿಲ್ ಹಾಕಿಸುವವರೂ ಇದ್ದಾರೆ. ಆದ್ದರಿಂದ ಗ್ರಿಲ್ ಹೇಳಿದ ಇಸವಿಗೆ ಇನ್ನೊಂದು ಸಾಕ್ಷಿ ಹುಡುಕಿ. ಡ್ಯಾಶ್‌ಬೋರ್ಡ್, ಹಿಂದಿನ ದೀಪ, ಬಂಪರ್, ಯಾವುದಾದರೂ ಒಂದು ಅದೇ ಮಾತು ಹೇಳಬೇಕು.

ಅಮೆರಿಕದ ಕಾರುಗಳಲ್ಲಿ ಇನ್ನೊಂದು ಗುಂಡಿ ಇದೆ. ಡಾಡ್ಜ್, ಪ್ಲಿಮತ್, ಡಿಸೋಟೊ ಒಂದೇ ಕಂಪನಿಯ ಅಕ್ಕತಂಗಿಯರು. ಮೈ ಒಂದೇ, ಗ್ರಿಲ್ ಮತ್ತು ಬಿಲ್ಲೆ ಬೇರೆ. ಮುಂಭಾಗ ಕಾಣದಿದ್ದರೆ ಮೂರರಲ್ಲಿ ಒಂದು ಅನ್ನುವುದೇ ಪ್ರಾಮಾಣಿಕ ಉತ್ತರ.

6. ನಂಬರ್ ಪ್ಲೇಟ್ ಓದಿ

ಈಗಿನ ಕೆಎ ಸರಣಿ ಬಂದಿದ್ದು 1989-90ರ ಸುಮಾರಿಗೆ. ಅದಕ್ಕೂ ಹಿಂದೆ ಮೂರು ಅಕ್ಷರ, ಆಮೇಲೆ ಅಂಕಿ. ಮೈಸೂರು ರಾಜ್ಯದ ಕಾಲದ ನಂಬರುಗಳು ಎಂವೈ ಅಂತ ಶುರುವಾಗುತ್ತವೆ. ಎಂಇ, ಸಿಎ ಅಂತ ಶುರುವಾಗುವವೂ ನಮ್ಮವೇ. 1956ಕ್ಕೆ ಮೊದಲಿನ ಫೋಟೊ ಆದರೆ ಮಂಗಳೂರು ಮದ್ರಾಸಿಗೆ, ಹುಬ್ಬಳ್ಳಿ-ಬೆಳಗಾವಿ ಬೊಂಬಾಯಿಗೆ, ರಾಯಚೂರು-ಕಲಬುರಗಿ ಹೈದರಾಬಾದಿಗೆ ಸೇರಿದ್ದವು ಅನ್ನುವುದನ್ನು ಮರೆಯಬೇಡಿ. ಆಗಿನ ನಂಬರು ಆ ರಾಜ್ಯದ್ದೇ.

ಬಣ್ಣದಲ್ಲೂ ಒಂದು ಗುಟ್ಟಿದೆ. ಈಗ ಸ್ವಂತ ಕಾರಿಗೆ ಬಿಳಿ ಪ್ಲೇಟ್ ಅಲ್ವಾ? ಸುಮಾರು 2000ದವರೆಗೆ ಹಾಗಿರಲಿಲ್ಲ. ಸ್ವಂತ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಬಿಳಿ ಅಕ್ಷರ, ಬಾಡಿಗೆ ಗಾಡಿಗೆ ಬಿಳಿ ಪ್ಲೇಟ್ ಮೇಲೆ ಕಪ್ಪು ಅಕ್ಷರ. ಹಳೇ ಮದುವೆ ಫೋಟೊದಲ್ಲಿ ಬಿಳಿ ಪ್ಲೇಟ್ ಕಂಡರೆ ಅದು ಮನೆಯ ಕಾರಲ್ಲ, ಟ್ಯಾಕ್ಸಿ ಮಾಡಿಕೊಂಡು ಬಂದದ್ದು.

ಪ್ಲೇಟು ಕಾರಿನ ವಯಸ್ಸು ಹೇಳುವುದಿಲ್ಲ, ನೋಂದಣಿಯ ಕಾಲ ಹೇಳುತ್ತದೆ. ರಾಜ್ಯ ಬದಲಾದಾಗ ಮರುನೋಂದಣಿ ಆಗಿರಬಹುದು. ಈಗಿನ ಫೋಟೊಗಳಲ್ಲಿ ಕೆಎ ಆದ ಮೇಲೆ ವಿಎ ಅಂತ ಕಂಡರೆ, ಅದು 50 ವರ್ಷ ದಾಟಿದ ಗಾಡಿಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ಸರಣಿ. ಹಳೇ ಕಾರು ಕೂಟಗಳ ಅಂತಾರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಾದರೆ 'ವಿಂಟೇಜ್' ಅಂದರೆ 1919ರಿಂದ 1930ರ ನಡುವಿನ ಕಾರು ಮಾತ್ರ. ಯಾರಾದರೂ ವಿಂಟೇಜ್ ಅಂದರೆ ಯಾವ ಲೆಕ್ಕ ಅಂತ ಕೇಳಿಕೊಳ್ಳಿ.

7. ಹೋಲಿಸಿ ನೋಡಿ

ಗೂಗಲ್ ಲೆನ್ಸ್‌ನಂಥ ಚಿತ್ರ ಹುಡುಕಾಟವನ್ನು ಈಗ ಬಳಸಿ, ಮೊದಲೇ ಅಲ್ಲ. ಜನರನ್ನು ಬಿಟ್ಟು ಕಾರಿನ ಭಾಗ ಮಾತ್ರ ಕತ್ತರಿಸಿ ಹಾಕಿ. ಅದು ಲ್ಯಾಂಡ್‌ಮಾಸ್ಟರ್‌ಗೆ ಮಾರಿಸ್ ಆಕ್ಸ್‌ಫರ್ಡ್ ಅಂದರೆ ಆಶ್ಚರ್ಯವಿಲ್ಲ. ಮನೆತನ ಸರಿ, ದೇಶ ತಪ್ಪು. ಹೋಲಿಸಲು ಸಿಗುವ ಫೋಟೊಗಳಲ್ಲೂ ಹುಷಾರು. ರಿಪೇರಿ ಮಾಡಿ ಹೊಳಪು ಕೊಟ್ಟ ಕಾರಿನಲ್ಲಿ ಮೂಲ ಭಾಗ ಎಷ್ಟು ಅಂತ ಗೊತ್ತಾಗುವುದಿಲ್ಲ. ಆ ಕಾಲದ ಪತ್ರಿಕೆಯ ಜಾಹೀರಾತು, ಕಂಪನಿಯ ಕೈಪಿಡಿ ಸಿಕ್ಕರೆ ಅದನ್ನೇ ನಂಬಿ.

ಕಾರನ್ನೇ ಕಣ್ಣಾರೆ ನೋಡುವುದಕ್ಕೆ ಸಮನಾದದ್ದು ಇಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರು ಸಂಗ್ರಹಾಲಯದಲ್ಲಿ, ಕೊಯಮತ್ತೂರಿನ ಜೀಡಿ ಕಾರ್ ಮ್ಯೂಸಿಯಂನಲ್ಲಿ ಹಳೇ ಕಾರುಗಳಿವೆ. ಫೋಟೊದ ಒಂದು ಪ್ರತಿ ಜೊತೆಗೆ ಒಯ್ಯಿರಿ. ಫೋಟೊಗ್ರಾಫರ್ ನಿಂತ ಕೋನದಲ್ಲೇ ನಿಂತು ನೋಡಿ.

8. ಉತ್ತರ ಬರೆದಿಡಿ

ಒಂದು ಮಾಮೂಲು ಸಂದರ್ಭ ತೆಗೆದುಕೊಳ್ಳಿ. ಮದುವೆ ಹೆಣ್ಣು-ಗಂಡು ಕಾರಿನಿಂದ ಇಳಿಯುತ್ತಿದ್ದಾರೆ. ಮುಂಭಾಗ ಹೂವಿನ ಹಾರದಲ್ಲಿ ಮುಚ್ಚಿದೆ. ಕಾಣುವುದು ಹಿಂದಿನ ಬಾಗಿಲು, ಡಿಕ್ಕಿ ಪಕ್ಕದ ಸಣ್ಣ ರೆಕ್ಕೆ, ಕಪ್ಪು ಪ್ಲೇಟಿನ ಮೇಲೆ ಎಂವೈ ಅಕ್ಷರ. ರೆಕ್ಕೆ ಇರುವುದರಿಂದ ಲ್ಯಾಂಡ್‌ಮಾಸ್ಟರ್ ಅಲ್ಲ, ಅಂಬಾಸಿಡರ್. ಪ್ಲೇಟು ಕಪ್ಪಾದ್ದರಿಂದ ಸ್ವಂತ ಕಾರು, ಮೈಸೂರು ರಾಜ್ಯದ ನೋಂದಣಿ. ಗ್ರಿಲ್ ಕಾಣದ್ದರಿಂದ ಯಾವ ಮಾರ್ಕ್ ಅಂತ ಖಚಿತವಾಗಿ ಹೇಳಲಾಗದು, ಆದರೆ ಮಾರ್ಕ್ 3 ಬಂದದ್ದು ಮೈಸೂರು ರಾಜ್ಯದ ಕಾಲ ಮುಗಿದ ಮೇಲೆ. ಇಷ್ಟೇ ಬರೆಯಿರಿ: "ಅಂಬಾಸಿಡರ್, ಬಹುಶಃ ಮಾರ್ಕ್ 1 ಅಥವಾ 2. ಕಾರಣ: ಹಿಂದಿನ ರೆಕ್ಕೆ, ಎಂವೈ ನಂಬರು." ಕಾರಣ ಬರೆದಿಟ್ಟರೆ ನಾಳೆ ಇನ್ನೊಂದು ಫೋಟೊ ಸಿಕ್ಕಾಗ ಅಲ್ಲಿಂದಲೇ ಮುಂದುವರಿಯಬಹುದು.

ಕಾರಿನ ಇಸವಿಯನ್ನೇ ಫೋಟೊದ ಇಸವಿ ಅಂತ ಬರೆಯಬೇಡಿ. ಕಾರು ಹೇಳುವುದು 'ಇದಕ್ಕಿಂತ ಮೊದಲಲ್ಲ' ಎಂಬುದನ್ನು ಮಾತ್ರ. 1938ರ ಷೆವರ್ಲೆಯಲ್ಲಿ 1960ರಲ್ಲೂ ಮೆರವಣಿಗೆ ಹೋಗಿರಬಹುದು.

ಬಿಡಿ ಫೋಟೊದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ ಒತ್ತಿದರೆ ಗೆರೆ ಮುಂಬದಿಗೆ ಮೂಡುತ್ತದೆ, ಇಂಕ್ ಪಕ್ಕದ ಫೋಟೊಗೆ ಅಂಟುತ್ತದೆ. ಅದಕ್ಕಿಂತ ಬೇರೆ ಚೀಟಿಯಲ್ಲಿ ಬರೆದು ಫೋಟೊ ಜೊತೆ ಒಂದೇ ಕವರಿನಲ್ಲಿಡುವುದು ಇನ್ನೂ ಒಳ್ಳೆಯದು.